ತಿಥಿ ಇಲ್ಲದ ಮನೆ

ನನ್ನ ಕಾಫಿ ಅಂಗಡಿಯ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕ್ಯಾಲೆಂಡರ್ ಇದೆ. ಹಾಳೆಯ ನಡುವೆ ಕೈಯಗಲ ತಾರೀಖು, ಅದರ ಕೆಳಗೆ ಚಂದ್ರನ ಲೆಕ್ಕದ ತಿಥಿ, ಅದಕ್ಕೂ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಇದೇ ದಿನ’: ಯಾವ ವರ್ಷ ಯಾವ ದೊರೆ ಸತ್ತ, ಎಲ್ಲಿ ಯುದ್ಧ ನಿಂತಿತು, ಯಾರು ಚಂದ್ರನ ಮೇಲೆ ಕಾಲಿಟ್ಟರು. ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಓದದಿದ್ದರೆ ಗಿರಾಕಿಗಳು ಕಾಫಿ ನೀರಾಗಿದೆ ಎಂದು ಜಗಳ ತೆಗೆಯುತ್ತಾರೆ.

ನವೆಂಬರ್ ಎರಡರ ಹಾಳೆ ಬಂದಾಗ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲ ಸಾಲಿನಲ್ಲಿ ೧೯೬೩: ಸೈಗಾನಿನಲ್ಲಿ ಸೈನ್ಯ ದಂಗೆಯೆದ್ದು ಅಧ್ಯಕ್ಷನನ್ನೂ ಅವನ ತಮ್ಮನನ್ನೂ ಕೊಂದದ್ದು. ಎರಡನೆಯ ಸಾಲಿನಲ್ಲಿ ೧೯೯೭: ದಕ್ಷಿಣ ಕರಾವಳಿಗೆ ಬಿರುಗಾಳಿ ಬಡಿದು ಸಾವಿರಾರು ಮೀನುಗಾರರು ಸತ್ತದ್ದು, ಕಾಣೆಯಾದದ್ದು. ಆ ದಂಗೆಯ ಕಾಲಕ್ಕೆ ಸೈಗಾನಿನಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದ ನಮ್ಮ ಚಿನ್ ತಾತ ಮೊದಲ ಸಾಲು ಕೇಳಿದೊಡನೆ ಎದೆಯುಬ್ಬಿಸಿ ಕೂರುತ್ತಾನೆ, ದಂಗೆಯನ್ನು ತಾನೇ ಮಾಡಿಸಿದವನ ಹಾಗೆ. ಕಾಲುವೆಯಾಚೆಯ ಇಗರ್ಜಿಯವರಿಗೂ ಅದೇ ತಾರೀಖು ಸತ್ತವರೆಲ್ಲರ ದಿನ; ಗೋರಿಗಳಿಗೆ ಮೇಣದಬತ್ತಿ ಹಚ್ಚುತ್ತಾರೆ. ನನಗೆ ಉರಿಯುವುದು ಆ ಸಾಲುಗಳ ಕ್ರಮಕ್ಕೆ. ಇಬ್ಬರು ಸತ್ತದ್ದು ಮೇಲೆ, ನಮ್ಮವರು ಅಷ್ಟು ಜನ ಸತ್ತದ್ದು ಕೆಳಗೆ. ಕ್ಯಾಲೆಂಡರ್ ಅಚ್ಚು ಹಾಕುವವನ ಮನೆಯಿಂದ ಯಾರೂ ದೋಣಿ ಹತ್ತುವುದಿಲ್ಲ.

ನಾವು ಸತ್ತವರಿಗೆ ಅನ್ನ ಇಡುವುದು ತಾರೀಖಿಗಲ್ಲ, ತಿಥಿಗೆ. ಬಿರುಗಾಳಿಯ ವರ್ಷ ನವೆಂಬರ್ ಎರಡು ಹತ್ತನೇ ತಿಂಗಳ ತದಿಗೆಯಾಗಿತ್ತು. ಹಾಗಾಗಿ ದೇಶದ ದಕ್ಷಿಣದ ಕಾಮಾವ್ ತುದಿಯ ನಮ್ಮ ಅಳಿವೆ ಊರಿನಲ್ಲಿ ಮನೆಮನೆಗೂ ಒಂದೇ ತಿಥಿ, ಆ ತದಿಗೆ. ನಮ್ಮ ಮನೆಯಲ್ಲಿ ನನ್ನ ಅಣ್ಣನದು. ಬೇರೆ ಊರುಗಳಲ್ಲಾದರೆ ತಿಥಿಯ ದಿನ ನೆರೆಹೊರೆಯವರು ಬಂದು ಉಂಡು, ಸತ್ತವನ ಕಿತಾಪತಿಗಳನ್ನು ನೆನೆದು ನಕ್ಕು, ಎರಡು ಬಾಳೆಎಲೆ ಕಡುಬು ಕಟ್ಟಿಸಿಕೊಂಡು ಹೋಗುತ್ತಾರೆ. ನೆಂಟರಿಲ್ಲದ ತಿಥಿ ನಮ್ಮಲ್ಲಿ ದೊಡ್ಡ ಅವಮಾನ. ಸತ್ತವನು ಯಾರಿಗೂ ಬೇಡದವನಾಗಿದ್ದ ಎಂದಂತೆ. ಊರಿಗೆ ಊರೇ ಅವರವರ ಮನೆಯಲ್ಲಿ ಧೂಪ ಹಚ್ಚಿ ಕೂತರೆ ಯಾರ ಮನೆಗೆ ಯಾರು ಹೋಗಬೇಕು? ಬಿಡುವಿದ್ದವಳು ಒಬ್ಬಳೇ, ಬಲೆ ಹೆಣೆಯುವ ಮೂಯಿ ಅಕ್ಕ. ಅವಳ ಮನೆಯಲ್ಲಿ ತಿಥಿ ಇರಲಿಲ್ಲ.

ಬಿರುಗಾಳಿ ಅವಳ ಮನೆಯನ್ನು ಬಿಟ್ಟಿತ್ತು ಎಂದಲ್ಲ. ಮೂಯಿ ಅಕ್ಕ ಹುಟ್ಟಿದ ಮೂರು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ನಾಲ್ಕನೆಯದು ಉಳಿಯಲಿ ಎಂದು ಅದಕ್ಕೆ ಲೂಮ್ ಎಂದು ಹೆಸರಿಟ್ಟಳು. ಎಲ್ಲೋ ಬಿದ್ದಿದ್ದನ್ನು ಎತ್ತಿಕೊಂಡದ್ದು ಎಂದರ್ಥ. ಅಂಥ ಹೆಸರಿಟ್ಟರೆ ಯಮ ಮೂಸಿಯೂ ನೋಡುವುದಿಲ್ಲ. ಗಂಡ ಕುಡಿದು ಕುಡಿದು ಕಣ್ಮುಚ್ಚಿದ. ಲೂಮ್ ಮಾತ್ರ ಎತ್ತಿನಂತೆ ಬೆಳೆದ. ಇಳಿತದ ಸೆಳವಿಗೆ ಎದುರಾಗಿ ಅಳಿವೆ ದಾಟುವ ಈಜು ಅವನದು. ಬಿರುಗಾಳಿಯ ವರ್ಷವೇ ಥಾಮ್ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ಬಾಗಿಲ ಮೇಲೆ ಅಂಟಿಸಿದ ಮದುವೆಯ ಕೆಂಪು ಕಾಗದ ಇನ್ನೂ ಬಣ್ಣ ಬಿಟ್ಟಿರಲಿಲ್ಲ, ನನ್ನ ಅಣ್ಣ ಹೋದ ದೋಣಿಯಲ್ಲೇ ಅವನೂ ಹೋದ. ದೋಣಿಯ ಒಂದು ಹಲಗೆ ಕೂಡ ದಡಕ್ಕೆ ಬರಲಿಲ್ಲ.

ಮೊದಲ ವರ್ಷ, ಮಗ ಸತ್ತಿಲ್ಲ, ತಿಥಿ ಮಾಡುವುದಿಲ್ಲ ಎಂಬ ಅವಳ ಹಟವನ್ನು ಯಾರೂ ಹಟ ಎನ್ನಲಿಲ್ಲ. ಕೆಲವರು ನಿಜವಾಗಿಯೂ ತಿರುಗಿ ಬಂದಿದ್ದರು. ಥಾಯ್ ದೋಣಿಗಳವರು ಎತ್ತಿಕೊಂಡು, ಯಾವುದೋ ಬಂದರಿನಲ್ಲಿಳಿಸಿದಾಗ ಕಾಗದಪತ್ರವಿಲ್ಲವೆಂದು ಜೈಲು ಸೇರಿ, ತಿಂಗಳುಗಳ ಮೇಲೆ ಬಂದವರು. ಕೆಳಗಿನ ಕೇರಿಯವನೊಬ್ಬ ಬಂದದ್ದು ತನ್ನ ನೂರನೇ ದಿನದ ಕರ್ಮದ ಹೊತ್ತಿಗೆ. ಹೆಂಡತಿ ಕಿಟಾರನೆ ಕಿರುಚಿದಳು, ಬಂದ ನೆಂಟರು ಹಿತ್ತಲಿಗೆ ಓಡಿದರು, ಅವನು ಹಸಿದಿದ್ದೇನೆಂದು ತನ್ನ ಪಟದ ಮುಂದಿಟ್ಟಿದ್ದ ಅನ್ನವನ್ನೇ ಉಂಡ. ಮೂಯಿ ಅಕ್ಕ ಅದನ್ನು ಕಣ್ಣಾರೆ ಕಂಡಿದ್ದಳು. ಅಂಥವಳಿಗೆ ಬುದ್ಧಿ ಹೇಳಲು ಯಾರಿಗೆ ಬಾಯಿ ಬರುತ್ತದೆ?

ಹಾಗೆ ತದಿಗೆ ಬಂದರೆ ಸಾಕು, ಬೆಳಗಿನಿಂದಲೇ ಅವಳಿಗೆ ಕರೆ. ಎಲ್ಲರ ಮನೆಯಲ್ಲೂ ಎರಡು ತುತ್ತು. ಎಳನೀರಿನಲ್ಲಿ ಬೆಂದ ಹಂದಿಮಾಂಸ, ಹಾಗಲಕಾಯಿ ಸಾರು, ಕಡುಬು. ತಿಥಿ ಇಲ್ಲದವಳೇ ಊರಿಗೆಲ್ಲ ಅತಿಥಿ. ಪ್ರತಿ ಪಟದ ಮುಂದೆಯೂ ಕೈಮುಗಿದು, ಸತ್ತವನನ್ನು ಒಂದು ಮಾತು ಹೊಗಳಿ, ಒಂದು ಮಾತು ಬೈದು, ಮನೆಯವರನ್ನು ನಗಿಸಿ ಮುಂದಿನ ಮನೆಗೆ ಹೋಗುವಳು. ಸಂಜೆಗೆ ಹೊಟ್ಟೆ ಹಿಡಿದುಕೊಂಡು ನಮ್ಮಂಗಡಿಯ ಬೆಂಚಿನ ಮೇಲೆ ಒರಗುತ್ತಿದ್ದಳು. ಒಮ್ಮೆ ಹಿತ್ತಲಿನಲ್ಲಿ ಅವಳು ಉಂಡದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದುದನ್ನು ನನ್ನ ಹೆಂಡತಿ ನೋಡಿದಳು. ಬೆನ್ನು ಸವರಲು ಹೋದರೆ ಕೈ ತಳ್ಳಿದಳಂತೆ.

ಮಗನ ತಿಥಿಯ ಮಾತೆತ್ತಿದವರಿಗೆ ಅವಳ ಬಳಿ ಉತ್ತರ ತಯಾರಿತ್ತು. ಲೂಮ್ ಈಜು ಬಲ್ಲವನು, ಉಳಿದವರು ಮುಳುಗಿದ ದಿನವೇ ಅವನೂ ಮುಳುಗಿದ ಎಂದು ಯಾರು ಕಂಡವರು? ಎರಡು ದಿನ ಈಜಿದ್ದರೆ? ತಪ್ಪು ದಿನ ಅನ್ನವಿಟ್ಟರೆ ಅವನಿಗೆ ಮುಟ್ಟುತ್ತದೆಯೇ? ಅದಕ್ಕೂ ಬಗ್ಗದವರಿಗೆ ನನ್ನ ಕ್ಯಾಲೆಂಡರನ್ನೇ ತೋರಿಸುತ್ತಿದ್ದಳು. ತಾರೀಖು ಒಂದು ದಿನ ಬಂದರೆ ತದಿಗೆ ಇನ್ನೊಂದು ದಿನ ಬರುತ್ತದೆ, ಕೆಲವು ವರ್ಷ ನಡುವೆ ಹತ್ತಾರು ದಿನಗಳ ಅಂತರ.

“ಕ್ಯಾಲೆಂಡರಿನವನು ಎರಡನೇ ತಾರೀಖು ಅಂತಾನೆ, ನೀವು ತದಿಗೆ ಅಂತೀರಿ. ಮೊದ್ಲು ನೀವಿಬ್ರೂ ಒಂದು ದಿನಕ್ಕೆ ಒಪ್ಕೊಳ್ರಪ್ಪ. ಆಮೇಲೆ ನನ್ನ ಮಗನ್ನ ಸಾಯ್ಸೋರಂತೆ.”

ಅಂಗಡಿಯಲ್ಲಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇದ್ದವಳು ಥಾಮ್ ಒಬ್ಬಳೇ.

ಥಾಮ್‌ಳ ಪಾಡು ಯಾವ ಶತ್ರುವಿಗೂ ಬೇಡ. ನಮ್ಮಲ್ಲಿ ಗಂಡ ಸತ್ತವಳು ಹಣೆಗೆ ಬಿಳಿ ಪಟ್ಟಿ ಕಟ್ಟುತ್ತಾಳೆ, ಸೂತಕ ಮುಗಿದ ಮೇಲೆ ಬಿಚ್ಚಿ ಸುಡುತ್ತಾಳೆ, ಅಲ್ಲಿಗೆ ಅವಳ ದಾರಿ ಅವಳಿಗೆ. ಕಟ್ಟದೇ ಇದ್ದ ಪಟ್ಟಿಯನ್ನು ಬಿಚ್ಚುವುದು ಹೇಗೆ? ಅತ್ತೆ ತಿಥಿ ಮಾಡಿದರೆ ಥಾಮ್ ವಿಧವೆ, ಮಾಡದಿದ್ದರೆ ಸೊಸೆ. ಬೆಳಗಾದರೆ ಅತ್ತೆಯ ಜೊತೆ ಕೂತು ಬಲೆ ಹೆಣೆದಳು, ಅತ್ತೆಗೆ ಜ್ವರ ಬಂದರೆ ಗಂಜಿ ಕುಡಿಸಿದಳು, ಊಟದ ಹೊತ್ತಿಗೆ ಬಾರದವನ ಬಟ್ಟಲನ್ನೂ ತೊಳೆದಿಟ್ಟಳು. ಹತ್ತೊಂಬತ್ತು ವರ್ಷ ಕಳೆಯಿತು. ದೋಣಿ ಹಲಗೆಗಳ ಸಂದಿಗೆ ಅರಗು ಮೆತ್ತುವ ಬ್ಯೂ ಎಂಬ ವಿಧುರ ಅವಳನ್ನು ಎರಡು ಸಲ ಕೇಳಿದ್ದ. ಒಳ್ಳೆಯವನು, ಮಾತು ಕಡಿಮೆ. ಈ ವರ್ಷ ಮುಗಿದರೆ ಮೇಲಿನ ಹೊಳೆಯ ಕಡೆಯ ತಂಗಿಯ ಊರಿಗೆ ಹೋಗಿ ನೆಲೆಸುತ್ತೇನೆ, ಮತ್ತೆ ಈ ಕಡೆ ಬರುವುದಿಲ್ಲ ಎಂದು ನನ್ನೆದುರೇ ಹೇಳಿದ. ಥಾಮ್ ಬಲೆಯಿಂದ ಕಣ್ಣೆತ್ತಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳದೆ ತಾನು ಹೊಸಿಲು ದಾಟುವುದಿಲ್ಲ ಎಂದಷ್ಟೇ ಅಂದಳು. ಆಗ ಅವಳ ನೆತ್ತಿಯಲ್ಲಿ ಬಿಳಿ ಕೂದಲು ಕಂಡು ನನಗೆ ಮೂಯಿ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಲಿದ್ದ ಲೋಟವನ್ನು ಕುಕ್ಕಿ ಒಡೆದುಬಿಟ್ಟೆ.

ಆ ವರ್ಷ ಮಳೆ ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ ಚಿನ್ ತಾತ ಎಂದಿನಂತೆ ತನ್ನ ದಂಗೆಯ ದಿನ ಎಷ್ಟು ದೂರವಿದೆ ಎಂದು ಕ್ಯಾಲೆಂಡರಿನ ಹಾಳೆ ಎತ್ತಿ ಎತ್ತಿ ನೋಡುತ್ತಿದ್ದ. ನವೆಂಬರ್ ಎರಡಕ್ಕೆ ಬಂದವನು ಕನ್ನಡಕ ಒರೆಸಿಕೊಂಡು, ಇದೇನಯ್ಯ, ಕೆಳಗೆ ಹತ್ತನೇ ತಿಂಗಳ ತದಿಗೆ ಅಂತಿದೆ ಎಂದ. ನಾನು ಹೋಗಿ ನೋಡಿದೆ. ನಿಜ. ಬಿರುಗಾಳಿಯ ವರ್ಷ ಬಿಟ್ಟರೆ ತಾರೀಖೂ ತಿಥಿಯೂ ಒಂದೇ ಹಾಳೆಯಲ್ಲಿ ಕೂಡಿ ಬಂದದ್ದು ಅದೇ ಮೊದಲು.

ಮೂಯಿ ಅಕ್ಕ ಬೆಂಚಿನ ಮೇಲೆಯೇ ಇದ್ದಳು. ಇನ್ನೊಮ್ಮೆ ಓದು ಎಂದಳು. ಓದಿದೆ. ಅಂಗಡಿಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ, ನಾನಂತೂ ಒಲೆಯ ಕಡೆ ತಿರುಗಿಕೊಂಡೆ. ಬೆನ್ನ ಹಿಂದಿನಿಂದ ಅವಳ ದನಿ ಬಂತು.

“ಇಬ್ರೂ ಒಂದಾಗ್ಬಿಟ್ರಾ ತಮ್ಮಾ?”

“ಹೂಂ ಅಕ್ಕ.”

“ಹಾಗಾದ್ರೆ ಇನ್ನು ನಾನೇನು ಹೇಳ್ಲಿ.”

ಎದ್ದು ಹೋದಳು. ಆಮೇಲೆ ಅವಳು ಅಂಗಡಿಗೆ ಬರಲಿಲ್ಲ. ತದಿಗೆಯ ಹಿಂದಿನ ದಿನ ಲೂಮ್‌ನ ಗುರುತಿನ ಚೀಟಿಯ ಪಟವನ್ನು ದೊಡ್ಡದು ಮಾಡಿಸಿಕೊಂಡು ಪೇಟೆಯಿಂದ ಬಂದಳು. ಹುಡುಗನ ಮುಖ, ಇಪ್ಪತ್ತೆರಡರದು. ಅದನ್ನು ಕಂಕುಳಲ್ಲಿಟ್ಟುಕೊಂಡೇ ಮನೆಮನೆಗೆ ಹೋಗಿ ನಾಳೆ ನಮ್ಮಲ್ಲಿ ಊಟಕ್ಕೆ ಬನ್ನಿ ಎಂದು ಕರೆದಳು. ಕರೆಸಿಕೊಂಡವರು ಏನು ಹೇಳಿಯಾರು? ಅವರ ಮನೆಯಲ್ಲೂ ನಾಳೆಯೇ. ಒಬ್ಬರೂ ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಬಾಯಿಬಿಡಲಿಲ್ಲ. ನನ್ನ ಹೆಂಡತಿ ಕೊರಳ ವಸ್ತ್ರ ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಮರುದಿನ ಅಣ್ಣನ ಪಟಕ್ಕೆ ಧೂಪ ಹಚ್ಚಿ, ಅನ್ನವಿಟ್ಟು ಕೂತೆವು. ಯಾರೂ ಬರಲಿಲ್ಲ. ಕೇರಿಯಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವು, ಎಲ್ಲ ಮನೆಯಲ್ಲೂ ಅಡುಗೆ ಘಮ್ಮೆನ್ನುತ್ತಿತ್ತು, ಹಾದಿಯಲ್ಲಿ ಮಾತ್ರ ನರಪಿಳ್ಳೆ ಇರಲಿಲ್ಲ. ಊರಿನ ಸತ್ತವರೆಲ್ಲ ಅವತ್ತು ನೆಂಟರಿಲ್ಲದವರಾದರು. ಹೆಂಡತಿ ನನ್ನನ್ನು ತಿವಿದಳು. ಅಣ್ಣ ಏನೂ ಅಂದುಕೊಳ್ಳುವುದಿಲ್ಲ, ಒಂದು ಗಳಿಗೆ ಹೋಗಿ ಬನ್ನಿ, ಅದೇ ದೋಣಿಯವನಲ್ಲವೇ ಎಂದಳು.

ನಾನು ಹೋಗಿ ಅವರ ಬಾಗಿಲ ಹೊರಗೆ ನಿಂತೆ. ಒಳಗೆ ಚಾಪೆಯ ತುಂಬ ಬಟ್ಟಲುಗಳು, ಉಣ್ಣುವ ಕಡ್ಡಿಗಳು, ಹತ್ತು ಜನರಿಗಾಗುವಷ್ಟು ಅಡುಗೆ. ಪಟದ ಮುಂದೆ ಧೂಪ ಉರಿದು ಅರ್ಧವಾಗಿತ್ತು. ಥಾಮ್ ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಸೊಸೆ ನಿಲ್ಲಬೇಕಾದ ಜಾಗದಲ್ಲಿ ಸೌಟು ಹಿಡಿದು ನಿಂತಿದ್ದಳು. ಮೂಯಿ ಅಕ್ಕ ಬಾಗಿಲ ಕಡೆ ನೋಡಿದಳು. ಅವಳಿಗೆ ನಾನು ಕಂಡೆನೋ ಇಲ್ಲವೋ, ಕಂಡರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎದ್ದು ಹೋಗಿ ಸೊಸೆಯ ಹಣೆಯ ಪಟ್ಟಿಯ ಗಂಟು ಬಿಚ್ಚತೊಡಗಿದಳು. ಗಂಟು ಬೆರಳಿಗೆ ಬಗ್ಗದೆ ಹಲ್ಲಿನಿಂದ ಎಳೆದಳು. ಪಟ್ಟಿಯನ್ನು ಧೂಪದ ಕೆಂಡಕ್ಕೆ ಹಿಡಿದು ಹೊತ್ತಿಸಿ ಬೂದಿಯ ತಟ್ಟೆಗೆ ಹಾಕಿದಳು.

“ಸೊಸೆ ಆದೋಳು ನಿಂತು ಬಡಿಸ್ತಾಳೆ. ನೆಂಟರಾದೋರು ಕೂತು ಉಣ್ತಾರೆ. ನನ್ನ ಮಗನ ತಿಥಿಗೆ ಒಬ್ರೂ ನೆಂಟರಿಲ್ಲ ಕಣೇ. ನೀನು ಕೂತ್ಕೋ.”

“ಅತ್ತೆ...”

“ಅತ್ತೆ ಅನ್ಬೇಡ. ಊರೋರು ಏನಂತಾರೋ ಹಾಗನ್ನು.”

ಸೌಟು ಕಿತ್ತುಕೊಂಡು ಅವಳನ್ನು ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಬಟ್ಟಲಿಗೆ ಅನ್ನ ಹಾಕಿದಳು, ಮಾಂಸ ಹಾಕಿದಳು, ಮೊಟ್ಟೆ ಹಾಕಿದಳು. ಥಾಮ್ ಅಳುತ್ತಳುತ್ತಲೇ ತಿಂದಳು. ಬಟ್ಟಲು ಬರಿದಾದ ಹಾಗೆಲ್ಲ ಮೂಯಿ ಅಕ್ಕ ಮತ್ತೆ ಹಾಕುತ್ತಿದ್ದಳು, ನಮ್ಮ ಹುಡುಗ ಹೇಗಿದ್ದ ಹೇಳು, ಬೇಕಾದ್ರೆ ಬೈದು ಹೇಳು ಎಂದು ಕೇಳುತ್ತಿದ್ದಳು. ಥಾಮ್‌ ಕೊನೆಗೆ ಬಟ್ಟಲಿನ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದಳು.

“ಇನ್ನು ಸಾಕು, ಮೂಯಿ ಅಕ್ಕ.”