ಗೋಡೆಯ ಈಚೆಯಿಂದ ತೆಗೆದ ಫೋಟೋ

ನಾನು ಆ ಚರ್ಚಿನ ಸಮಾಧಿ ಅಂಗಳದೊಳಗೆ ಹೋಗಲೇ ಇಲ್ಲ. ಹೋಗಿದ್ದೆ ಎಂದು ಹೇಳಿದೆ. ಕಲ್ಲನ್ನು ನೋಡಿದೆ, ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿವೆ, ಒಂದನ್ನೂ ಓದಲು ಬರುವುದಿಲ್ಲ ಎಂದೂ ಹೇಳಿದೆ. ನಾನು ಕಲ್ಲನ್ನು ನೋಡಿರಲಿಲ್ಲ. ನನ್ನ ಮಾತನ್ನು ನಂಬಿ ಒಬ್ಬ ಹೆಂಗಸು ತನ್ನ ಅಪ್ಪನ ಬಗ್ಗೆ ಒಂದು ತೀರ್ಮಾನಕ್ಕೆ ಬಂದರು. ಆ ತೀರ್ಮಾನದಲ್ಲೇ ಸತ್ತರು.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದೆ ಬರೆಯುವುದರಲ್ಲಿ ನನಗೆ ಗೊತ್ತಿಲ್ಲದಂತೆ ನನ್ನ ಪರ ವಾದ ಸೇರಿಕೊಂಡರೆ, ಓದುವವರು ಈ ಸಾಲುಗಳಿಗೇ ಹಿಂತಿರುಗಲಿ ಎಂದು.

ನನಗೆ ಈಗ ಎಪ್ಪತ್ತಾರು. ಊರಿನಲ್ಲಿದ್ದಾಗ ರೈಲ್ವೆಯಲ್ಲಿ ಮೂವತ್ನಾಲ್ಕು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದೆ. ಒಂದು ಗಾಡಿ ಬಂದಿತು ಎಂದು ಹಿಂದಿನ ಸ್ಟೇಷನ್ನಿಗೆ ಹೇಳುವ ಮೊದಲು, ಅದರ ಕೊನೆಯ ಡಬ್ಬಿಯ ಹಿಂದೆ ತೂಗುಹಾಕಿರುವ ಫಲಕವನ್ನು ಕಣ್ಣಾರೆ ನೋಡಬೇಕು. ಆ ಫಲಕ ಕಾಣದಿದ್ದರೆ ಅರ್ಧ ಗಾಡಿ ದಾರಿಯಲ್ಲೇ ಕಳಚಿಕೊಂಡು ನಿಂತಿರಬಹುದು; ಅದು ತಿಳಿಯದೆ ಇನ್ನೊಂದು ಗಾಡಿಯನ್ನು ಬಿಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನನ್ನ ಸೇವೆಯಲ್ಲಿ ಒಂದು ದಿನವೂ ಆ ಫಲಕ ನೋಡದೆ ವರದಿ ಕೊಟ್ಟವನಲ್ಲ. ಜ್ವರ ಬಂದಿದ್ದಾಗಲೂ — ಇರಲಿ, ಅದು ಈಗ ಬೇಡ.

ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ಸುಶೀಲಳೂ ಕ್ರೈಸ್ಟ್‌ಚರ್ಚ್‌ಗೆ ಮಗನ ಮನೆಗೆ ಬಂದೆವು. ದೇಶ ಬದಲಾಯಿತು, ನನ್ನ ವೇಳಾಪಟ್ಟಿ ಬದಲಾಗಲಿಲ್ಲ. ಐದಕ್ಕೆ ಏಳುವುದು, ಸ್ನಾನ, ಸಂಧ್ಯಾವಂದನೆ, ದೇವರ ಪೂಜೆ, ಆರು ಮುಕ್ಕಾಲಿಗೆ ಕಾಫಿ, ಏಳಕ್ಕೆ ವಾಕಿಂಗ್. ಮೊಮ್ಮಗಳು ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದಳು, ತಾತ ಮೈಕ್ರೋವೇವ್ ತರಹ, ಟೈಮಾದರೆ ಬೀಪ್ ಅನ್ನುತ್ತಾರೆ ಎಂದು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಬೇಲಿಯಾಚೆಯ ಮನೆ ಡೋರೀನ್ ಅವರದು. ನನಗಿಂತ ಹನ್ನೊಂದು ವರ್ಷ ದೊಡ್ಡವರು. ಅವರೂ ಏಳಕ್ಕೇ ಹೊರಡುತ್ತಿದ್ದರು, ಕೈಯಲ್ಲೊಂದು ಬಕೆಟ್ಟು, ಅದರಲ್ಲಿ ಮೆತ್ತನೆಯ ಬ್ರಷ್ಷು, ನೀರಿನ ಬಾಟಲಿ. ನಮ್ಮ ಬೀದಿಯ ಕೊನೆಯಲ್ಲಿರುವ ಹಳೆಯ ಚರ್ಚು ಭೂಕಂಪದಲ್ಲಿ ಬಿರುಕು ಬಿಟ್ಟು ಮುಚ್ಚಿಹೋಗಿತ್ತು. ಅದರ ಅಂಗಳದ ಸಮಾಧಿಗಳಲ್ಲಿ ಯಾರೂ ದಿಕ್ಕಿಲ್ಲದವುಗಳನ್ನು ಆರಿಸಿಕೊಂಡು, ಕಲ್ಲಿನ ಪಾಚಿಯನ್ನು ಬರೀ ನೀರಿನಿಂದ ತಿಕ್ಕಿ ತೆಗೆಯುವುದು ಅವರ ಕೆಲಸ. ಸೋಪು ಹಾಕಬಾರದು, ಹಾಕಿದರೆ ಕಲ್ಲು ಒಳಗಿನಿಂದ ಸಾಯುತ್ತದೆ ಎನ್ನುತ್ತಿದ್ದರು. ನಾನು ಅವರ ಜೊತೆ ಗೇಟಿನವರೆಗೆ ನಡೆಯುತ್ತಿದ್ದೆ. ಗೇಟಿನಲ್ಲಿ ನಿಲ್ಲುತ್ತಿದ್ದೆ. ಸ್ಮಶಾನಕ್ಕೆ ಕಾಲಿಟ್ಟರೆ ಮತ್ತೆ ಸ್ನಾನ ಮಾಡಬೇಕು. ನನ್ನ ಸ್ನಾನ ಐದೂಕಾಲಿಗೇ ಮುಗಿದಿರುತ್ತಿತ್ತು.

“ಒಳಗೆ ಬಂದ್ರೆ ಯಾರೂ ಎದ್ದು ಬಂದು ಕಚ್ಚಲ್ಲ, ಸ್ಟೇಷನ್ ಮಾಸ್ಟರ್,” ಎಂದು ಅವರು ರೇಗಿಸುತ್ತಿದ್ದರು. “ಇವರೆಲ್ಲ ತುಂಬಾ ಮರ್ಯಾದಸ್ಥ ಜನ.”

ಅವರ ಕಥೆ ನನಗೆ ಆ ಗೇಟಿನ ಬಳಿಯೇ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಹುಟ್ಟಿದ್ದು ಇಂಗ್ಲೆಂಡಿನ ನಡುಭಾಗದ ಒಂದು ಹಳ್ಳಿಯಲ್ಲಿ. ಅಪ್ಪ ಕಲ್ಲುಗಣಿಯ ಕೆಲಸಗಾರ. ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅದೇ ವರ್ಷ ಚಿಕ್ಕಮ್ಮ ನ್ಯೂಜಿಲೆಂಡಿಗೆ ಹೊರಟಾಗ ಅಪ್ಪ ಮಗಳನ್ನು ಜೊತೆಗೆ ಕಳಿಸಿದರು. ಮುಂದಿನ ವರ್ಷ ನಾನೂ ಬರುತ್ತೇನೆ ಎಂದರಂತೆ. ಬರಲಿಲ್ಲ. ಒಂದು ಕಾಗದವೂ ಬರಲಿಲ್ಲ. ಚಿಕ್ಕಮ್ಮ ಸಾಯುವ ಮುಂಚೆ ಒಂದು ಮಾತು ಹೇಳಿದರಂತೆ: ನಿನ್ನ ಅಪ್ಪ ಅಮ್ಮನ ಸಮಾಧಿಯ ಕಲ್ಲಿನ ಮೇಲೆ ನಿನ್ನ ಹೆಸರನ್ನೂ ಕೆತ್ತಿದ್ದಾನೆ, ಊರಿನವರು ಯಾರೋ ಬರೆದಿದ್ದರು, ಎಂದು. ಅದು ನಿಜವೋ, ಮಗುವಾಗಿ ಬಂದವಳಿಗೆ ಕೊಟ್ಟ ಸಮಾಧಾನವೋ, ಡೋರೀನ್ ಅವರಿಗೆ ತಿಳಿಯಲಿಲ್ಲ. ಹೋಗಿ ನೋಡಬಹುದಾಗಿದ್ದ ವರ್ಷಗಳಲ್ಲಿ ಅವರು ಹೋಗಲಿಲ್ಲ. “ಹೋಗಿ ನೋಡಿ, ಅಲ್ಲಿ ಇಲ್ಲದೇ ಹೋದರೆ?” ಎಂದು ಒಮ್ಮೆ ನನ್ನನ್ನೇ ಕೇಳಿದರು. ಆಮೇಲೆ ಹೃದಯದ ತೊಂದರೆ ಬಂದು, ಡಾಕ್ಟರು ವಿಮಾನವೇ ಬೇಡ ಎಂದರು. ಅಮ್ಮನ ಸಮಾಧಿ ಇರುವ ಆ ಹಳ್ಳಿಯ ಚರ್ಚಿಗೆ ಕಾಗದ ಬರೆದಿದ್ದರು, ಉತ್ತರ ಬಂದಿರಲಿಲ್ಲ.

ಐದು ವರ್ಷದ ಹಿಂದೆ ನಮ್ಮ ಮಗಳು ವೀಣಾ ಇಂಗ್ಲೆಂಡಿನಲ್ಲಿ ಮನೆ ಕೊಂಡಳು. ಗೃಹಪ್ರವೇಶಕ್ಕೆ ನಾವಿಬ್ಬರೂ ಹೊರಟೆವು. ವಿಷಯ ಕೇಳಿ ಡೋರೀನ್ ಒಂದು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದು ತಂದರು. ಗೇಟು, ಕಾಲುದಾರಿ, ಒಂದು ದೊಡ್ಡ ಮರ, ಮರದ ಪಕ್ಕ ಒಂದು ಗುರುತು.

“ನನ್ನ ಹೆಸರು ಅಲ್ಲಿದೆಯಾ ಇಲ್ಲವಾ, ಅಷ್ಟೇ ನೋಡಿ ಬನ್ನಿ,” ಎಂದರು. “ಇದ್ದರೆ ನನ್ನ ಬೂದಿಯನ್ನು ಅಲ್ಲಿಗೇ ತಗೊಂಡು ಹೋಗು ಅಂತ ಇಯಾನ್‌ಗೆ ಬರೆದಿಟ್ಟಿದೀನಿ. ಇಲ್ಲದಿದ್ದರೆ ಬೇಡ. ಕರೆಯದ ಮನೆಗೆ ಹೋಗೋಳಲ್ಲ ನಾನು.” ಇಯಾನ್ ಅವರ ಒಬ್ಬನೇ ಮಗ, ಪ್ಲಂಬರ್. “ಬೇರೆ ಯಾರಿಗೂ ಹೇಳ್ತಿರಲಿಲ್ಲ. ನೀವು ಗಡಿಯಾರವನ್ನೇ ಎರಡು ಸಲ ನೋಡೋ ಮನುಷ್ಯ.”

ಗೃಹಪ್ರವೇಶದ ಹಿಂದಿನ ದಿನ ವೀಣಾ ನಮ್ಮನ್ನು ಕಾರಿನಲ್ಲಿ ಹೊಸ ಮನೆಗೆ ಕರೆದುಕೊಂಡು ಹೊರಟಳು. ಡೋರೀನ್ ಹುಟ್ಟಿದ ಹಳ್ಳಿ ದಾರಿಯಲ್ಲೇ ಇತ್ತು. ಚರ್ಚಿನ ಗೋಡೆಯ ಪಕ್ಕ ಕಾರು ನಿಲ್ಲಿಸಿದಳು.

“ಅಪ್ಪ, ಟೆನ್ ಮಿನಿಟ್ಸ್. ನಾವು ಕಾರಲ್ಲೇ ಇರ್ತೀವಿ.”

ನನ್ನ ತೊಡೆಯ ಮೇಲೆ ದೇವರ ಪೆಟ್ಟಿಗೆ ಇತ್ತು. ಅಪ್ಪನ ಕಾಲದ ಸಾಲಿಗ್ರಾಮ, ಮರುದಿನದ ಪೂಜೆಗೆ. ಅದನ್ನು ಸುಶೀಲಳ ಕೈಗೆ ಕೊಟ್ಟು ಇಳಿದೆ. ಗೇಟಿನವರೆಗೆ ಹೋದೆ. ನಿಂತೆ. ಹಿಂತಿರುಗಿ ಬಂದು ಕಾರಿನ ಕಿಟಕಿಯ ಬಳಿ, “ಶುಭಕಾರ್ಯಕ್ಕೆ ಹೊರಟು ಸ್ಮಶಾನ ಹೊಕ್ಕು ಹೋಗೋದು ಅಂದ್ರೆ...” ಎಂದೆ.

“ಅಯ್ಯೋ, ಮನೆಗೆ ಹೋಗಿ ಸ್ನಾನ ಮಾಡಿದ್ರೆ ಆಯ್ತಪ್ಪ,” ಎಂದಳು ಸುಶೀಲ. “ಆ ಯಮ್ಮ ಎಷ್ಟು ಆಸೆಯಿಂದ ಕೇಳಿಕೊಂಡಿದಾರೆ. ಹೋಗಿ ಬನ್ನಿ ಅಂದ್ರೆ.”

ಇಲ್ಲಿ ನಾನು ಹುಷಾರಾಗಿ ಬರೆಯಬೇಕು. ಮಡಿಯ ಕಾರಣಕ್ಕೆ ಹೋಗಲಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳು. ಮಡಿ ಕೆಟ್ಟರೆ ಸ್ನಾನವೆಂಬ ಪರಿಹಾರ ಇದೆ. ನನ್ನ ಹೆಂಡತಿ ಅದನ್ನು ಬಾಯಿಬಿಟ್ಟು ಹೇಳಿದಳು. ಹೊಸ ಮನೆ ಮುಟ್ಟಿದ ಮೇಲೆ ನಾನು ಮಾಡಬೇಕಾದ ಕೆಲಸಗಳ ಪಟ್ಟಿ ಜೇಬಿನಲ್ಲಿತ್ತು. ಕಲಶ ತೊಳೆಯುವುದು, ಮಾವಿನ ತೋರಣ, ಹೋಮದ ಸಾಮಾನು, ಸಂಜೆಯ ಸಂಧ್ಯಾವಂದನೆ, ಒಂದೊಂದಕ್ಕೂ ಗಂಟೆ ಬರೆದಿದ್ದೆ. ಅದರಲ್ಲಿ ಇನ್ನೊಂದು ಸ್ನಾನಕ್ಕೆ ಜಾಗವಿರಲಿಲ್ಲ. ನನ್ನ ಸ್ನಾನಕ್ಕೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಹನ್ನೆರಡು ನಿಮಿಷಕ್ಕೆ —

ಗೋಡೆಯ ಈಚೆ ನಿಂತು ಫೋನು ಎತ್ತಿ, ಹತ್ತಿರದಲ್ಲಿದ್ದ ಒಂದು ಕಲ್ಲಿನ ಫೋಟೋ ತೆಗೆದೆ. ಕಂದು ಬಣ್ಣದ ಮರಳುಗಲ್ಲು. ಅದರ ಮುಖ ಪದರ ಪದರವಾಗಿ ಉದುರಿತ್ತು. ಕಾರು ಹತ್ತಿದೆ. “ಸಿಕ್ತಾ?” ಎಂದು ವೀಣಾ ಕೇಳಿದಳು. “ಸಿಕ್ತು,” ಎಂದೆ. ಸುಶೀಲ ನನ್ನ ಮುಖವನ್ನೊಮ್ಮೆ ನೋಡಿ ದೇವರ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟಳು.

ಕ್ರೈಸ್ಟ್‌ಚರ್ಚ್‌ಗೆ ಮರಳಿದ ಮರುದಿನ ಡೋರೀನ್ ಮನೆಗೆ ಹೋದೆ. ಟೀ ಸಿದ್ಧವಾಗಿತ್ತು. ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು. ಅದನ್ನು ನಾನು ಹಿಂದೆ ನೋಡಿರಲಿಲ್ಲ. ಅಕ್ಷರಗಳು ಅಳಿಸಿಹೋಗಿವೆ ಎಂದು ಹೇಳಿ ಫೋಟೋ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ನನ್ನ ನೆನಪಲ್ಲಿ ಅದು ಕಪ್ಪಗಿತ್ತು,” ಎಂದರು. “ಸ್ಲೇಟು ಕಲ್ಲು, ಅಪ್ಪನ ಗಣಿಯದೇ. ಸ್ಲೇಟು ಹೀಗೆ ಸಿಪ್ಪೆ ಏಳಲ್ಲ.”

ಆಗ ಹೇಳಿಬಿಡಬಹುದಿತ್ತು. ಅವರು ಬಾಗಿಲು ತೆರೆದೇ ಹಿಡಿದಿದ್ದರು. ತಪ್ಪಾಯಿತು, ನಾನು ಒಳಗೆ ಹೋಗಲಿಲ್ಲ, ವೀಣಾಳನ್ನು ಬರುವ ವಾರ ಕಳಿಸುತ್ತೇನೆ — ಇಷ್ಟೇ ಮಾತು.

“ಮಕ್ಕಳ ನೆನಪು, ಡೋರೀನ್,” ಎಂದೆ. “ಬಣ್ಣ ಬದಲಾಗಿಬಿಡುತ್ತೆ.”

“ಇರಬಹುದು,” ಎಂದರು. “ನೋಡಿದವರು ನೀವು.” ಆಮೇಲೆ ಟೀ ಬಗ್ಗಿಸಿ, “ಹಾಗಾದ್ರೆ ಅಪ್ಪ ಸ್ಲೇಟನ್ನೂ ಉಳಿಸಿಲ್ಲ. ಯಾವುದೋ ಅಗ್ಗದ ಕಲ್ಲು ಹಾಕಿದಾನೆ. ಹೆಸರು ಇತ್ತೋ ಇಲ್ಲವೋ, ನೋಡಿಕೊಂಡಂತೂ ಇಲ್ಲ,” ಎಂದರು. ಅವರ ದನಿ ಏರಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ನಾನು ಒಂದು ತೆಗೆದುಕೊಂಡು ತಿಂದೆ.

ಆ ವಾರವೇ ಅವರು ಬೂದಿಯ ವಿಷಯದಲ್ಲಿ ಬರೆದಿಟ್ಟಿದ್ದನ್ನು ಬದಲಾಯಿಸಿದರು. ಎಲ್ಲಿ ಅನುಕೂಲವೋ ಅಲ್ಲಿ, ಎಂದು ಬರೆದರು. ಬಕೆಟ್ಟು ಹಿಡಿದು ಸಮಾಧಿಗಳಿಗೆ ಹೋಗುವುದನ್ನೂ ನಿಲ್ಲಿಸಿದರು. ಮಂಡಿ ನೋವು ಎಂದರು. ನಾನು ಒಬ್ಬನೇ ಏಳಕ್ಕೆ ವಾಕಿಂಗ್ ಹೋಗುತ್ತಿದ್ದೆ. ಸರಿಯಾಗಿ ಏಳಕ್ಕೆ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಇಯಾನ್ ಬೂದಿಯನ್ನು ಲಿಟಲ್ಟನ್ ಬಂದರಿನ ನೀರಿಗೆ ಬಿಟ್ಟ. ಚಿಕ್ಕವರಿದ್ದಾಗ ಡೋರೀನ್ ಅವರ ಹಡಗು ಬಂದು ನಿಂತದ್ದು ಅಲ್ಲಿ. ಹಿಂಬದಿಯಲ್ಲಿ ಸಾಮಾನು ಹೇರುವ ತನ್ನ ಗಾಡಿ, ಯೂಟ್‌ನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗಿದ್ದ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ನನ್ನ ಕಡೆ ತಿರುಗಿ, ಹೀಗೆ ಮಾಡುವುದು ಸರಿಯೇ, ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ. ನಮ್ಮಲ್ಲಿ ನೀರಿಗೆ ಬಿಡುವುದೇ ಶ್ರೇಷ್ಠ ಎಂದೆ. ಅವನು ಥ್ಯಾಂಕ್ಸ್ ಹೇಳಿದ.

ಕಳೆದ ಮೇ ತಿಂಗಳಲ್ಲಿ ಮತ್ತೆ ವೀಣಾಳ ಮನೆಗೆ ಹೋಗಿದ್ದೆವು. ಒಂದು ಬೆಳಿಗ್ಗೆ ನಾನೊಬ್ಬನೇ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಯಾಕೆ ಹೋದೆ ಎಂದರೆ — ಪಶ್ಚಾತ್ತಾಪದಿಂದ ಎಂದು ಬರೆಯಲಾರೆ. ಕಲ್ಲು ನಿಜವಾಗಿಯೂ ಸವೆದುಹೋಗಿರಲಿ ಎಂದು ಹೋದೆ. ಹಾಗಿದ್ದರೆ ನಾನು ಹೇಳಿದ್ದು ಸುಳ್ಳಾಗುವುದಿಲ್ಲ ಎಂದು.

ಗೇಟು ತಳ್ಳಿ ಒಳಗೆ ನಡೆದೆ. ಪೆನ್ಸಿಲ್ ನಕ್ಷೆ ಕೈಯಲ್ಲಿತ್ತು. ಮುಕ್ಕಾಲು ಶತಮಾನದ ಹಿಂದೆ ಎಂಟು ವರ್ಷದ ಮಗು ಕಂಡದ್ದು, ಒಂದು ಗುರುತೂ ತಪ್ಪಿರಲಿಲ್ಲ. ಗೇಟಿನಿಂದ ನಲವತ್ತೊಂದು ಹೆಜ್ಜೆ. ದೊಡ್ಡ ಮರದ ಪಕ್ಕ, ಸ್ವಲ್ಪ ವಾಲಿ ನಿಂತ ಕಪ್ಪು ಕಲ್ಲು.

ಸ್ಲೇಟು. ನಾನು ಅ ಆ ತಿದ್ದಿದಂಥ ಸ್ಲೇಟು. ಅಮ್ಮನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ನಿನ್ನೆ ಕೆತ್ತಿದ ಹಾಗೆ ಚೂಪಾಗಿದ್ದವು. ಅದರ ಕೆಳಗೆ ಬೇರೊಂದು ಕೈಯ ಕೆತ್ತನೆ. ಅಕ್ಷರಗಳು ಒಂದು ದೊಡ್ಡದು, ಒಂದು ಚಿಕ್ಕದು. ಸಾಲು ಬಲಕ್ಕೆ ಹೋಗುತ್ತಾ ಕೆಳಗಿಳಿದಿತ್ತು. ಕಲ್ಲು ಒಡೆಯಲು ಬಲ್ಲ, ಬರೆಯಲು ಬಾರದವನ ಕೈ ಅದು. ‘ಮಗಳು ಡೋರೀನ್. ನ್ಯೂಜಿಲೆಂಡ್.’ ಅದರ ಕೆಳಗೆ ಉಳಿಯಿಂದ ತೆಳುವಾಗಿ ಎಳೆದ ಒಂದು ಗೆರೆ, ಮುಂದಿನ ಸಾಲಿಗಾಗಿ. ಗೆರೆಯ ಮೇಲೆ ಏನೂ ಇಲ್ಲ. ಅಪ್ಪನ ಹೆಸರು ಕಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಕೆತ್ತಲು ಯಾರೂ ಉಳಿದಿರಲಿಲ್ಲ ಎಂದು ಕಾಣುತ್ತದೆ.

ಕಲ್ಲು ಸವೆದಿರಲಿ ಎಂದು ಬಯಸಿಕೊಂಡು ಬಂದವನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂದು ಗೊತ್ತಿಲ್ಲ. ನಾನು ಗಡಿಯಾರ ನೋಡಲಿಲ್ಲ. ಮರಳುವ ಬಸ್ಸು ತಪ್ಪಿತು.

ಸಂಜೆ ಸುಶೀಲಳಿಗೆ ಹೇಳಿದೆ. “ನನಗೆ ಅವತ್ತೇ ಗೊತ್ತಿತ್ತು,” ಎಂದಳು. “ಎರಡು ನಿಮಿಷಕ್ಕೆ ಯಾರಿಗೆ ಸಮಾಧಿ ಸಿಗುತ್ತೆ? ನೀವೇ ಹೇಳ್ತೀರ ಅಂತ ಕಾದೆ. ಆಮೇಲೆ ಕಾಯೋದನ್ನ ಬಿಟ್ಟೆ.”

ಕ್ರೈಸ್ಟ್‌ಚರ್ಚ್‌ಗೆ ಬಂದ ಮೇಲೆ ಫೋನಿನಲ್ಲಿ ಆ ಕಲ್ಲಿನ ಹೊಸ ಫೋಟೋ ಹಿಡಿದು ಇಯಾನ್ ಬಳಿ ಹೋದೆ. ಈಗ ತಾಯಿಯ ಮನೆಯಲ್ಲೇ ಇದ್ದಾನೆ. ಯೂಟ್‌ನಿಂದ ಪೈಪುಗಳನ್ನು ಇಳಿಸುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕೈ ಒರೆಸಿಕೊಂಡು ಫೋನು ತೆಗೆದುಕೊಂಡ. ಬೆರಳಿನಿಂದ ದೊಡ್ಡದು ಮಾಡಿ ಆ ವಾಲಿದ ಸಾಲನ್ನು ನೋಡಿದ.

“ನೀವು ಟೀ ಕುಡಿದು ಹೋದಿರಲ್ಲ ಆವತ್ತು,” ಎಂದ, “ಆಮೇಲೆ ಅಮ್ಮ ನನಗೆ ಫೋನ್ ಮಾಡಿದಳು. ಅಳ್ತಾ ಇದ್ದಳು. ನನ್ನ ಅಪ್ಪ ಸತ್ತಾಗಲೂ ಅವಳು ಅತ್ತಿದ್ದು ನಾನು ಕೇಳಿಲ್ಲ.”

ಕ್ಷಮಿಸು ಎಂದು ಕೇಳಲು ನಾನು ಬಾಯಿ ತೆರೆದೆ.

“ಬೇಡ,” ಎಂದ. “ಅದನ್ನ ನನ್ನ ಹತ್ರ ಕೇಳಬೇಡಿ, ಮೇಟ್.” ಫೋನನ್ನು ನನ್ನ ಕೈಗೆ ಕೊಟ್ಟು ಪೈಪುಗಳ ಕಡೆ ತಿರುಗಿದ. ಮೊದಲು ಯೂಟ್‌ನಲ್ಲಿ ಹೋಗುವಾಗ ನನ್ನನ್ನು ಕಂಡರೆ ಸ್ಟೇರಿಂಗಿನ ಮೇಲಿಂದ ಎರಡು ಬೆರಳು ಎತ್ತುತ್ತಿದ್ದ. ಈಗ ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ.

ಡೋರೀನ್ ಅವರ ಬಕೆಟ್ಟು ಬ್ರಷ್ಷು ಅವರ ಗ್ಯಾರೇಜಿನಲ್ಲೇ ಇರಬೇಕು. ಕೇಳುವ ಮುಖ ನನಗಿಲ್ಲ. ಅಂಗಡಿಯಲ್ಲಿ ಬೇರೆ ತಂದೆ. ಏಳಕ್ಕೆ ಹೊರಡುತ್ತೇನೆ, ಗೇಟಿನಲ್ಲಿ ನಿಲ್ಲುವುದಿಲ್ಲ. ಅವರು ಅರ್ಧಕ್ಕೆ ಬಿಟ್ಟ ಸಮಾಧಿಗಳ ಸಾಲಿನಿಂದ ಶುರು ಮಾಡಿದ್ದೇನೆ. ಮನೆಗೆ ಬಂದು ಎರಡನೆಯ ಸ್ನಾನ ಮಾಡುತ್ತೇನೆ. ಹನ್ನೆರಡು ನಿಮಿಷ. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ಲಿಟಲ್ಟನ್ನಿನ ನೀರಿನಿಂದ ಯಾರನ್ನೂ ಮರಳಿ ತರಲಾಗುವುದಿಲ್ಲ. ನೀರಿಗೆ ಬಿಡುವುದೇ ಶ್ರೇಷ್ಠ ಎಂದು ಹೇಳಿದವನೂ ನಾನೇ.

ಆ ಹಳ್ಳಿಯ ಕಲ್ಲಿನ ಮೇಲೆ, ಡೋರೀನ್ ಎಂಬ ಹೆಸರಿನ ಕೆಳಗೆ, ಒಂದು ಸಾಲಿನ ಜಾಗ ಖಾಲಿ ಇದೆ. ಆ ದಿನ ನನ್ನ ಅಂಗೈ ಇಟ್ಟು ನೋಡಿದೆ. ಅಂಗೈಯಷ್ಟೇ ಅಗಲ.