ಹೊಳೆ ಹೋಟೆಲಿನ ಭಾನುವಾರಗಳು

ಕಾಟ್ಲಾ ಮೀನಿನ ತಲೆಯಲ್ಲಿ, ಕಣ್ಣಿನ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತುಂಡು ಮಾಂಸವಿರುತ್ತದೆ. ಅದರಲ್ಲಿ ಮುಳ್ಳಿರುವುದಿಲ್ಲ. ಅವನು ಅದನ್ನು ಮುರಿಯದ ಹಾಗೆ ಬೆರಳ ತುದಿಯಿಂದ ಬಿಡಿಸಿ, ಏನೂ ಹೇಳದೆ ನನ್ನ ಎಲೆಯ ಅಂಚಿಗೆ ಇಡುತ್ತಿದ್ದ. ನಾನೂ ಏನೂ ಹೇಳದೆ ತಿನ್ನುತ್ತಿದ್ದೆ. ಪ್ರೀತಿ ಎಂಬ ಮಾತು ನಮ್ಮ ನಡುವೆ ಬಂದದ್ದು ಅದಾದ ಎಷ್ಟೋ ಭಾನುವಾರಗಳ ಮೇಲೆ.

ಹೊಸಕೋಟೆಯಿಂದ ಜಡಿಗೇನಹಳ್ಳಿ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು, ನೀಲಗಿರಿ ತೋಪಿನ ನಡುವೆ ಮಣ್ಣುದಾರಿಯಲ್ಲಿ ಇಳಿದರೆ ಆ ಹೋಟೆಲು ಸಿಗುತ್ತಿತ್ತು. ಮೇಲೆ ತಗಡು, ಮೂರು ಕಡೆ ಗೋಡೆಯಿಲ್ಲ, ಪ್ಲಾಸ್ಟಿಕ್ ಕುರ್ಚಿಗಳು. ಬೋರ್ಡಿನ ಮೇಲೆ ‘ರಿವರ್ ವ್ಯೂ’ ಎಂದು ಬರೆಸಿದ್ದರೂ ಎಲ್ಲರೂ ಹೊಳೆ ಹೋಟೆಲ್ ಎಂದೇ ಕರೆಯುತ್ತಿದ್ದರು. ಹೊಳೆಯೆಂದರೆ ದಕ್ಷಿಣ ಪಿನಾಕಿನಿ. ವರ್ಷದ ಬಹುಪಾಲು ಅದು ಜೊಂಡಿನ ನಡುವೆ ನಿಂತ ಕಪ್ಪು ನೀರು. ಒಳ್ಳೆಯ ಮಳೆಯಾದ ವಾರ ಮಾತ್ರ ಹರಿಯುತ್ತಿತ್ತು, ಜೊತೆಗೆ ನೊರೆಯೂ ಬರುತ್ತಿತ್ತು.

“ಇದು ಈ ಹೊಳೆ ಮೀನೇನಕ್ಕಾ?” ಎಂದು ಅವನು ಮೊದಲ ದಿನ ಹೋಟೆಲಿನ ಒಡತಿಯನ್ನು ಕೇಳಿದ್ದ.

“ಅಯ್ಯೋ, ಈ ಹೊಳೆ ಮೀನು ಹಾಕುದ್ರೆ ನಾಳೆ ನನ್ ಹೋಟ್ಲಿಗೆ ಯಾರ್ ಬರ್ತಾರಣ್ಣ? ಕೋಲಾರದ ಕಡೆ ಕೆರೇದು. ನೋಡಕ್ಕೆ ಹೊಳೆ, ತಿನ್ನಕ್ಕೆ ಕೆರೆ!”

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಇಂಥ ಹೋಟೆಲುಗಳು ಹೊಳೆಯ ದಂಡೆಗೆ, ಕೆರೆಯ ಏರಿಯ ಕೆಳಗೆ ಒಂದೊಂದಾಗಿ ಹುಟ್ಟಿಕೊಂಡವು. ಮನೆಮನೆಗೆ ಕಾರು ಬಂದಿತ್ತು. ಭಾನುವಾರ ಅದನ್ನು ಎಲ್ಲಿಗಾದರೂ ಓಡಿಸಬೇಕಿತ್ತು. ನಮಗೆ ಕಾರಿರಲಿಲ್ಲ. ಅವನ ಬೈಕಿನಲ್ಲಿ ಬರುತ್ತಿದ್ದೆವು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನಿಲ್ದಾಣದ ಸರಕು ವಿಭಾಗದಲ್ಲಿ ವಿದೇಶಕ್ಕೆ ಹೋಗುವ ಗುಲಾಬಿಗಳಲ್ಲಿ ಹುಳು, ರೋಗ ಇದೆಯೇ ಎಂದು ನೋಡುವ ಕೆಲಸಕ್ಕೆ ಸೇರಿದ್ದೆ. ಅವನು ಅದೇ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ವಿಮಾನಕ್ಕೆ ಸಾಗಿಸುವವರ ಮೇಲ್ವಿಚಾರಕ. ಅವನದು ದೇವನಹಳ್ಳಿ ಕಡೆ, ನನ್ನದು ಹೊಸಕೋಟೆ ಕಡೆ.

ಎರಡನೆಯ ಸಲ ಅಲ್ಲಿಗೆ ಹೋದಾಗಲೇ ನಾನು ಕೇಳಿದ್ದೆ: “ನಿಮ್ಮ ಮನೆದೇವರು ಯಾವುದು?”

ಅವನು ನಕ್ಕ. “ಏನ್ರೀ, ಆಗ್ಲೇ ಮದುವೆವರ್ಗೂ ಹೋಗ್ಬಿಟ್ರಾ?”

“ಸುಮ್ನೆ ಕೇಳ್ದೆ.”

ಸುಮ್ಮನೆ ಕೇಳಿರಲಿಲ್ಲ. ನಮ್ಮಲ್ಲಿ ಒಂದೇ ದೇವರ ಒಕ್ಕಲಾದವರು ಒಂದೇ ಮೂಲದವರು. ಅವರ ಮಕ್ಕಳು ತಮ್ಮತಮ್ಮಲ್ಲಿ ಅಣ್ಣ ತಂಗಿಯರು. ಜಾತಕ ಕೂಡದಿದ್ದರೆ ಶಾಂತಿ ಮಾಡಿಸಬಹುದು, ವರಸೆ ಕೂಡದಿದ್ದರೆ ಮಾಡುವುದೇನೂ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಾನು ಅದನ್ನು ನಂಬುತ್ತಿರಲಿಲ್ಲ. ಆದರೆ ನಂಬುವವರ ಮನೆಯಲ್ಲಿ ಹುಟ್ಟಿದ್ದೆ. ಅವನ ಮನೆದೇವರು ಬೆಟ್ಟದ ಮೇಲಿನ ಭೈರವ. ನಮ್ಮದು ಊರ ಕೆರೆ ಏರಿಯ ಮೇಲಿನ ಅಮ್ಮ. ಅದನ್ನು ಕೇಳಿದ ಮೇಲೆ ನಾನು ಇನ್ನೊಂದು ಲೋಟ ಮಜ್ಜಿಗೆ ತರಿಸಿಕೊಂಡು ನಿಧಾನವಾಗಿ ಕುಡಿದೆ.

ಮನೆಯವರಿಗೆ ಹೇಳಿದಾಗ ಅಪ್ಪ ಕೇಳಿದ್ದೂ ಅದೇ ಪ್ರಶ್ನೆ. ಉತ್ತರ ಕೇಳಿ, “ಸರಿ ಬಿಡು, ವರಸೆ ಕೂಡತ್ತೆ. ಮಿಕ್ಕಿದ್ದು ಹೆಂಗೋ ಆಗತ್ತೆ” ಎಂದರು. ಎರಡೂ ಮನೆಯವರು ಒಮ್ಮೆ ಕೂತು ಮಾತಾಡುವುದೆಂದಾಯಿತು. ಹೊಳೆ ಹೋಟೆಲಿನಲ್ಲೇ ಸೇರೋಣ ಎಂದವರು ಅವನ ತಂದೆ. “ಮನೇಗ್ ಬಂದ್ರೆ ಉಪ್ಪಿಟ್ಟು, ಕೇಸರಿಬಾತು. ಅಲ್ಲಾದ್ರೆ ಮೀನು. ಶಾಸ್ತ್ರ ಎಲ್ಲ ಇನ್ನೊಂದ್ಸಲ ಇಟ್ಕೊಳಣ” ಎಂದು ಫೋನಿನಲ್ಲಿ ಹೇಳಿದರಂತೆ. ಅಪ್ಪನಿಗೆ ಆ ಮಾತಿನಿಂದಲೇ ಅವರು ಇಷ್ಟವಾಗಿಬಿಟ್ಟರು.

ಆ ಭಾನುವಾರ ಹೊಳೆ ಹರಿಯುತ್ತಿತ್ತು. ಹೋಟೆಲಿನ ಅಕ್ಕ ಎರಡು ಮೇಜು ಜೋಡಿಸಿ, ನನ್ನ ಕಡೆ ನೋಡಿ ಹುಬ್ಬು ಹಾರಿಸಿ, “ಓಹೋ, ಇವತ್ತು ದಿಬ್ಬಣಾನೇ ಬಂದಂಗೈತೆ” ಎಂದಳು. ಅವನ ತಾಯಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಕನಕಾಂಬರದ ದಂಡೆಯೊಂದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. “ಶಾಸ್ತ್ರ ಬೇಡ ಅಂದ್ರು ಇವ್ರು. ಹೆಣ್ಣು ನೋಡಕ್ಕೆ ಬರಿಗೈಲಿ ಬರಕ್ಕಾಗತ್ತಾ? ಹೊರಡುವಾಗ ಮುಡಿಸ್ಬಿಟ್ ಹೋಗ್ತೀನಿ” ಎಂದರು. ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದಂತೆ. ನಾನು ಆ ಬಾಳೆಲೆಯ ಪೊಟ್ಟಣದ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ.

ನಮ್ಮ ಜೊತೆ ಒಬ್ಬ ಅಜ್ಜಿ ಬಂದಿದ್ದರು. ತೀರಿಹೋದ ನನ್ನ ತಾತನ ತಂಗಿ, ಅಪ್ಪನಿಗೆ ಸೋದರತ್ತೆ. ಅವರನ್ನು ಕೊಟ್ಟ ಊರು ಅಲ್ಲೇ ಹತ್ತಿರ, ದಾರಿಯಲ್ಲಿ ನಮ್ಮ ಬಾಡಿಗೆ ಕಾರಿಗೆ ಹತ್ತಿಸಿಕೊಂಡಿದ್ದೆವು. ನಮ್ಮ ಕಡೆಯ ಹಿರಿಯರೆಂದು ಉಳಿದವರು ಅವರೊಬ್ಬರೇ. ಮೀನು ಬಂತು. ಮಾತು ಊರುಕೇರಿಯ ಕಡೆ ಹೊರಳಿತು. ಅವನ ತಂದೆ ಹೇಳಿದರು, “ನಾವೂ ಮೂಲ ದೇವನಹಳ್ಳಿಯವ್ರಲ್ಲ ತಾಯಿ. ನಮ್ ಮುತ್ತಾತನ ಕಾಲ್ದಲ್ಲಿ ಬಂದೋರು.” ಬೆಟ್ಟದ ಬುಡದ ಒಂದು ಹಳ್ಳಿಯ ಹೆಸರು ಹೇಳಿದರು.

ಅಜ್ಜಿ ಅಗಿಯುವುದನ್ನು ನಿಲ್ಲಿಸಿದರು. “ಅಲ್ಲಿ ಯಾವ್ ಮನೆ?”

“ಗುಂಡುತೋಪಿನ ಪಕ್ಕ, ಎರಡು ಬಾಗ್ಲು ಮನೆ ಅಂತಾರೆ. ಈಗ ಬಿದ್ದೋಗೈತೆ.”

“ಎಲ್ಡು ಬಾಗ್ಲು ಮನೆ! ಅಯ್ಯೋ ನನ್ನಪ್ಪಾ, ಅದು ನಾನ್ ಹುಟ್ಟಿದ್ ಮನೆ ಕಣೋ! ಅಣ್ಣತಮ್ಮಂದ್ರು ಭಾಗ ಆದಾಗ ಇನ್ನೊಂದ್ ಬಾಗ್ಲು ಇಕ್ಕುದ್ರು. ಬಲಗಡೇದು ನಮ್ದು. ಎಡಗಡೆಯೋರು ದೇವನಳ್ಳಿ ಕಡೆ ಹೊಂಟೋದ್ರು ಅಂತ ನಮ್ಮಪ್ಪ ಹೇಳೋನು. ನಿಮ್ಮೋರೇನ್ಲಾ ಅವ್ರು?”

ಸಾರು ಹತ್ತಿದ ಕೈಯಲ್ಲೇ ಅವನ ತಂದೆಯ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ನಮ್ಮನ್ನು ಬಿಟ್ಟರೆ ತವರಿನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದೆ ಬದುಕಿದ್ದ ಹೆಂಗಸು ಅವರು. ಇನ್ನೊಂದು ಕೈಯಿಂದ ನನ್ನ ಅಪ್ಪನ ತೋಳು ಎಳೆದು, “ನೀವಿಬ್ರೂ ಅಣ್ಣತಮ್ಮಂದ್ರು ಕಣ್ರೋ. ಒಂದೇ ಬೇರು!” ಎಂದು ನಗುತ್ತಾ ಅಳುತ್ತಾ ಹೇಳಿದರು.

ಮೊದಲು ಅರ್ಥವಾದದ್ದು ಅಮ್ಮನಿಗೆ. ಮೆಲ್ಲಗೆ ಕೇಳಿದಳು, “ಅತ್ತೆಮ್ಮ, ನಿಮ್ ತವರಿನ ದೇವ್ರು?”

“ಬೆಟ್ಟದ ಭೈರವ.”

“ಮಾವನವರದ್ದು ಕೆರೆ ಏರಿ ಅಮ್ಮ ಅಲ್ವಾ?”

“ಅದು ಅವ್ನ್ ಹೆಂಡ್ತಿ ಮನೇದು. ಮನೆಅಳಿಯ ಆಗಿ ಹೋದ ಅಂತ ಗಂಡ್ಸಿನ ದೇವ್ರು ಬದಲಾಯ್ತದಾ?”

ತಾತ ಮನೆಅಳಿಯನಾಗಿ ಬಂದದ್ದು ನಮಗೆಲ್ಲ ಗೊತ್ತಿತ್ತು. ತನ್ನವರ ಜೊತೆ ಜಗಳವಾಡಿಕೊಂಡು ಬಂದವರು ಅವರು. ಹುಟ್ಟಿದ ಊರಿನ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲವಂತೆ. ಅಪ್ಪ ಇನ್ನೂ ಚಿಕ್ಕವರಿದ್ದಾಗಲೇ ತಾತ ತೀರಿಹೋದರು. ತಮ್ಮ ತಾಯಿಯ ತವರಿನ ಹೊಲ ಉಳುತ್ತಾ, ಆ ಮನೆಯ ದೇವರಿಗೆ ಹಣ್ಣುಕಾಯಿ ಮಾಡಿಸುತ್ತಾ ಬೆಳೆದ ಅಪ್ಪ ಅದನ್ನೇ ತಮ್ಮದೆಂದು ತಿಳಿದಿದ್ದರು. ಅದು ಅಲ್ಲವೆಂದು ಹೇಳಲು ಇದ್ದವರು ಈ ಸೋದರತ್ತೆಯೊಬ್ಬರೇ. ಅವರನ್ನು ಯಾರೂ ಕೇಳಿರಲಿಲ್ಲ.

ಮೇಜಿನ ಸುತ್ತ ಎಲ್ಲರ ಕೈಗಳೂ ಎಲೆಯ ಮೇಲೆ ನಿಂತುಬಿಟ್ಟವು. ಹೋಟೆಲಿನ ಅಕ್ಕ ಬಂದು, “ಏನ್ರೀ ಎಲ್ರೂ ಹಿಂಗ್ ಕೂತ್ಬಿಟ್ರಿ? ಉಪ್ಪು ಜಾಸ್ತಿ ಆಯ್ತಾ?” ಎಂದಳು. ಅಜ್ಜಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದು, ಕೊನೆಗೆ ಹೂವಿನ ಪೊಟ್ಟಣ ನೋಡಿದರು. ಹಿಡಿದಿದ್ದ ಎರಡೂ ಕೈಗಳನ್ನು ಬಿಟ್ಟರು.

“ನಾನ್ಯಾಕೆ ಬಾಯ್ ಬಿಟ್ಟೆ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹೊರಡುವಾಗ ಅವನ ತಾಯಿ ನನ್ನನ್ನು ಹತ್ತಿರ ಕರೆದರು. ಒಳ್ಳೆಯ ಹೆಂಗಸು. ಹೂವನ್ನು ವಾಪಸು ಒಯ್ಯುವುದು ಅವರಿಗೆ ಆಗಲಿಲ್ಲ. “ತಿರುಗು ಮಗಳೇ. ಮನೆ ಮಗಳಿಗೂ ಹೂ ಮುಡಿಸ್ತಾರೆ” ಎಂದು ನನ್ನ ಜಡೆಗೆ ಮುಡಿಸಿದರು. ಅವನು ಬೈಕಿನ ಪಕ್ಕ ನಿಂತು ಹೊಳೆಯ ಕಡೆ ನೋಡುತ್ತಿದ್ದ.

ನಾನು ಸುಮ್ಮನಿರಲಿಲ್ಲ. ಕಾನೂನಿನ ಅಡ್ಡಿಯಿಲ್ಲ ಎಂದು ವಕೀಲೆಯಾಗಿದ್ದ ಗೆಳತಿಯಿಂದ ತಿಳಿದುಕೊಂಡೆ. ಎಷ್ಟೋ ತಲೆಮಾರು ಹಿಂದೆ ಭಾಗವಾದ ಮನೆಯ ರಕ್ತ ನಮ್ಮಿಬ್ಬರಲ್ಲಿ ಎಷ್ಟು ಉಳಿದೀತು ಎಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ನೀನ್ ಹೇಳೋದು ಸರಿ ಕಣಮ್ಮ. ಅತ್ತೆ ಅವತ್ತು ಬರದೇ ಇದ್ದಿದ್ರೆ ನಾನೇ ನಿಂತು ಧಾರೆ ಎರೀತಿದ್ದೆ. ಈಗ ಗೊತ್ತಾಗೋಯ್ತಲ್ಲ” ಎಂದರು. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು.

ಅಪ್ಪನನ್ನು ಮೀರಿ ಹೋಗಲು ನಾನು ಸಿದ್ಧಳಿದ್ದೆ. ಅವನು ಒಪ್ಪಿದರೆ ಸಾಕಿತ್ತು. ಗೋದಾಮಿನಲ್ಲಿ ಅವನು ಕೆಲಸದ ಮಾತಷ್ಟೇ ಆಡುತ್ತಿದ್ದ. ಕೆಲವು ವಾರ ಕಾದು ನಾನೇ ಕರೆದೆ. ಭಾನುವಾರ ಹೊಳೆ ಹೋಟೆಲಿಗೆ ಬಂದ. ಯಾವಾಗಲೂ ನನ್ನ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತಿದ್ದವನು ಅಂದು ಎದುರಿಗೆ ಕೂತ. ಮೀನು ಹೇಳಲಿಲ್ಲ, ಟೀ ಹೇಳಿದ.

“ರಿಜಿಸ್ಟರ್ ಮದುವೆ ಆಗೋಣ. ನಾನು ರೆಡಿ ಇದೀನಿ” ಎಂದೆ.

“ನಿಮ್ಮಪ್ಪ?”

“ಒಂದ್ವರ್ಷ ಮಾತಾಡಲ್ಲ. ಆಮೇಲೆ ಮಾತಾಡ್ತಾರೆ.”

“ಅದಲ್ಲ ಕಣೆ.”

“ಮತ್ತೇನು?”

ಅವನು ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. “ಅಮ್ಮ ಅವತ್ತಿಂದ ನಿನ್ನ ಮಗಳು ಅಂತಾನೇ ಅನ್ನೋದು. ‘ನಿನ್ ತಂಗಿ ಊಟ ಮಾಡಿದ್ಲೇನೋ’ ಅಂತ ಕೇಳ್ತಾಳೆ. ಮೊದಮೊದಲು ರೇಗಾಡ್ತಿದ್ದೆ. ಆಮೇಲಾಮೇಲೆ... ಹೆಂಗ್ ಹೇಳ್ಲಿ? ನಿನ್ ಹತ್ರ ಕೂತ್ಕೊಳಕ್ಕೆ ಬಂದ್ರೆ ಏನೋ ತಪ್ಪು ಮಾಡ್ತಿದೀನಿ ಅನ್ಸತ್ತೆ. ತಲೇಲಿ ಕೂತ್ಬಿಟ್ಟಿದೆ. ತೆಗಿಯಕ್ಕಾಗ್ತಿಲ್ಲ ಕಣೆ, ನಿನ್ನಾಣೆ.”

ನಾನು ನನ್ನ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದೆ.

“ನಿಂಗೆ ಹಂಗ್ ಅನ್ಸಲ್ವಾ?”

“ಇಲ್ಲ. ಒಂದ್ಸಲಾನೂ ಅನ್ಸಿಲ್ಲ.”

ಅವನು ಅಳತೊಡಗಿದ. ಪಕ್ಕದ ಮೇಜಿನಲ್ಲಿದ್ದವರು ತಿರುಗಿ ನೋಡಿದರು. ಊರು, ಅಪ್ಪ, ಕಾನೂನು, ಎಲ್ಲಕ್ಕೂ ನಾನು ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವನು ವಾದಿಸಿದ್ದರೆ ಗೆಲ್ಲುತ್ತಿದ್ದೆನೇನೋ. ಅವನ ಮೈಯೇ ನನ್ನಿಂದ ಹಿಂದೆ ಸರಿಯುತ್ತಿರುವಾಗ ಯಾವ ವಾದವನ್ನು ಯಾರ ಮುಂದೆ ಇಡುವುದು? ಅವನ ಕೈಯ ಮೇಲೆ ಕೈಯಿಡಬೇಕೆನಿಸಿತು. ಅದು ಅವನಿಗೆ ಹಿಂಸೆಯಾದೀತೆಂದು ಹೊಳೆದು, ಕೈಯನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡೆ. ಬಸ್ಸಿಗೆ ಹೋಗುತ್ತೇನೆಂದು ಹೇಳಿ ನೀಲಗಿರಿ ತೋಪಿನ ದಾರಿ ಹಿಡಿದು ರಸ್ತೆಯವರೆಗೆ ನಡೆದೆ. ಅವನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಕಂಪನಿ ವ್ಯಾನಿನಲ್ಲಿ ಕೆಲಸಕ್ಕೆ ಹೋದೆ. ಸ್ವೆಟರ್ ಹಾಕಿಕೊಂಡು ಶೀತಲ ಕೋಣೆಯ ಮೇಜಿನ ಮುಂದೆ ನಿಂತೆ. ಅವನು ನನ್ನ ಕಡೆ ಬೆನ್ನು ಮಾಡಿ, ಬಾಗಿಲ ಬಳಿ ತಳ್ಳುಗಾಡಿಗೆ ಪೆಟ್ಟಿಗೆ ಹೇರಿಸುತ್ತಿದ್ದ. ಪ್ಯಾಕಿಂಗಿನ ಹುಡುಗಿಯೊಬ್ಬಳು ಗುಲಾಬಿ ತಂದಿಟ್ಟು, ಅವನಿಗೂ ಕೇಳಿಸುವಷ್ಟು ಜೋರಾಗಿ, “ಏನಕ್ಕ, ಇವ್ರು ಇವತ್ತೂ ಮುಖ ಊದಿಸ್ಕೊಂಡವ್ರೆ? ಜಗಳ ಆಡಿದ್ ಸಾಕು, ಮದುವೆ ಊಟ ಯಾವಾಗ ಹಾಕಿಸ್ತೀರ ಹೇಳಿ” ಎಂದಳು.

ಅವನ ಕೈ ಪೆಟ್ಟಿಗೆಯ ಮೇಲೆ ನಿಂತಿತು. ನಾನು ಹೇಳದಿದ್ದರೆ ಅವನು ಹೇಳಬೇಕಾಗುತ್ತಿತ್ತು.

“ಹಂಗೆಲ್ಲ ಏನಿಲ್ಲ. ಸಂಬಂಧದಲ್ಲಿ ನಮ್ಮಣ್ಣ ಆಗ್ಬೇಕು” ಎಂದೆ.

ಹುಡುಗಿ ನಾಲಗೆ ಕಚ್ಚಿಕೊಂಡು ಓಡಿದಳು. ನಾನು ಮುಂದಿನ ಪೆಟ್ಟಿಗೆಯ ಟೇಪು ಕತ್ತರಿಸಿ, ಗುಲಾಬಿಯ ಒಂದೊಂದೇ ಎಲೆಯನ್ನು ಮಗುಚಿ ದೀಪಕ್ಕೆ ಹಿಡಿದು ನೋಡತೊಡಗಿದೆ.