ಬೇಳೆ ಡಬ್ಬಿಯ ಕೆಳಗಿನ ಅಡುಗೆಮನೆ

ತಂಗಿಯ ಬಾಣಂತನಕ್ಕೆಂದು ಪರದೇಶದ ವೆಸ್ಟ್‌ಮಂಟ್‌ಗೆ ಬಂದವಳು ಬೆಳಿಗ್ಗೆ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ. ತಂಗಿ ಫೋನ್ ಇಟ್ಟಳು.

"ಅಕ್ಕಾ, ಪಕ್ಕದ ಮನಿ ಇಂಗಾ ಆಂಟಿ ಹೋಗಿಬಿಟ್ರಂತ. ಅವರು ನಿನಗ ಕೊಟ್ಟಿದ್ದ ನಾರ್ವೆ ಪತ್ರಿಕಿ ಒಯ್ಯಾಕ ಅವರ ಮಗಳು ಬರಾಕತ್ತಾಳ. ಶವಪೆಟ್ಟಿಗ್ಯಾಗ ಇಡ್ತಾರಂತ."

ಸೊಪ್ಪು ಅಲ್ಲೇ ಬಿಟ್ಟು ಎದ್ದೆ. ಮನೆಯಲಂಕಾರದ ಆ ಪತ್ರಿಕೆಯ ಮೊಟ್ಟಮೊದಲ ಸಂಚಿಕೆ ಅದು. ಹಳೆಯದು, ಕೊಟ್ಟೇಬಿಟ್ಟರು ಎಂದುಕೊಂಡು, ನಮ್ಮೂರಿನ ರೂಢಿಯಂತೆ ಹಾಳೆ ಬಿಡಿಸಿ ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದೆ.

"ನೋಡಾಕ ಕೊಟ್ರ ಹಾಸಿಗಿ ಮಾಡೀಯಲ್ಲ!" ಎಂದಳು ತಂಗಿ.

ಡಬ್ಬಿ ಎತ್ತಿದೆ. ಹಾಳೆಗಳಿಗೆಲ್ಲ ಅರಿಸಿನ ಮೆತ್ತಿತ್ತು. ಅಷ್ಟರಲ್ಲಿ ಬಂದ ಇಂಗಾ ಅವರ ಮಗಳು ಬಾಗಿಲಲ್ಲೇ ನಿಂತು ಒಂದೊಂದಾಗಿ ತಿರುವಿದಳು. ಒಂದರ ಹಿಂಬದಿಯಲ್ಲಿ ಅಡುಗೆಮನೆಯ ಚಿತ್ರ, ಒಲೆಯ ಮುಂದೆ ಏಪ್ರನ್ ತೊಟ್ಟ ಹೆಂಗಸು.

"ಗ್ರ್ಯಾಂಡ್‌ಮಾ," ಎಂದಳು.

ಆಗೆಲ್ಲ ಪತ್ರಿಕೆಯವರು ಹಳ್ಳಿಹಳ್ಳಿ ತಿರುಗಿ ಮನೆಗಳ ಫೋಟೋ ತೆಗೆಯುತ್ತಿದ್ದರಂತೆ. ಆ ಅಜ್ಜಿ ಇಂಗಾ ಅವರ ತಾಯಿ; ಅವರದು ಇದೊಂದೇ ಫೋಟೋ. ಆ ಮಗ್ಗುಲು ಕೆಳಗಿದ್ದುದರಿಂದ ಕಲೆ ತಗಲಿರಲಿಲ್ಲ. ದೇವರು ಅಷ್ಟಾದರೂ ಉಳಿಸಿದ್ದ.

"ಸಾರಿ," ಎಂದೆ. ಅವಳು ನನ್ನ ಕೈ ಹಿಡಿದಳು, ಬೈಯಲಿಲ್ಲ. ಅರಿಸಿನದ ಹಾಳೆಗಳನ್ನೂ ಬಿಡದೆ ಒಯ್ದಳು. ಆದರೆ ಇಂಗಾ ಅವರಿಗೇ ಸಾರಿ ಹೇಳುವುದು ನನಗೆ ಉಳಿದೇಹೋಯಿತು.

ಹಲಗೆ ಒರೆಸಿದೆ. ಏನನ್ನೂ ಹಾಸದೆ ಡಬ್ಬಿಗಳನ್ನು ಜೋಡಿಸಿ, ಮತ್ತೆ ಸೊಪ್ಪು ಬಿಡಿಸಲು ಕೂತೆ.